ತಿಂಗಳ ದಿನಸಿಯಿಂದ ಫ್ರಿಜ್‌ವರೆಗೆ: ಮನೆಯ ಖರೀದಿಯಲ್ಲಿ ಹಣ ಉಳಿಸುವ ಕ್ರಮ

ಅಂಗಡಿಯ ಮುಂದೆ ತೂಗುಹಾಕಿದ ರಿಯಾಯಿತಿ ಫಲಕವನ್ನು ನೋಡಿ ಕೊಂಡದ್ದರಿಂದ ಮನೆಯ ಖರ್ಚು ಕಡಿಮೆಯಾಗುವುದು ಅಪರೂಪ. ಖರ್ಚು ನಿಜವಾಗಿ ತಗ್ಗುವುದು ಎರಡು ಅಂಕಿಗಳು ಮನೆಯವರಿಗೆ ಬಾಯಿಪಾಠವಾದಾಗ. ಆ ಪದಾರ್ಥ ನಮ್ಮ ಮನೆಗೆ ತಿಂಗಳಿಗೆ ಎಷ್ಟು ಬೇಕು ಎಂಬುದು ಒಂದು. ಅದು ಕೆಜಿಗೆ ಅಥವಾ ಲೀಟರಿಗೆ ಎಷ್ಟು ಬಿತ್ತು ಎಂಬುದು ಇನ್ನೊಂದು. ಈ ಎರಡೂ ಗೊತ್ತಿಲ್ಲದಿದ್ದರೆ ‘ಎರಡು ಕೊಂಡರೆ ಒಂದು ಉಚಿತ’ ಎಂಬ ಮಾತು ನಮಗೆ ಲಾಭವೋ ನಷ್ಟವೋ ಎಂದು ತೀರ್ಮಾನಿಸುವ ದಾರಿಯೇ ಇರುವುದಿಲ್ಲ. ಕರ್ನಾಟಕದ ಯಾವುದೇ ಪಟ್ಟಣದಲ್ಲಿ ತಿಂಗಳಿಗೊಮ್ಮೆ ದಿನಸಿ, ವಾರಕ್ಕೊಮ್ಮೆ ತರಕಾರಿ, ದಿನವೂ ಹಾಲು ಕೊಳ್ಳುವ ನಾಲ್ಕೈದು ಜನರ ಸಂಸಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ವಿವರಿಸಿದ್ದೇನೆ.

ಮೊದಲು ಬಳಕೆಯ ಲೆಕ್ಕ

ಬಹಳಷ್ಟು ಮನೆಗಳಲ್ಲಿ ತಿಂಗಳ ಚೀಟಿಯನ್ನು ಹಿಂದಿನ ತಿಂಗಳ ಚೀಟಿ ನೋಡಿ ಬರೆಯುತ್ತಾರೆ. ಹಿಂದಿನ ತಿಂಗಳು ಎರಡು ಕೆಜಿ ತೊಗರಿಬೇಳೆ ತಂದಿದ್ದರೆ ಈ ತಿಂಗಳೂ ಎರಡು ಕೆಜಿ. ಡಬ್ಬಿಯಲ್ಲಿ ಅರ್ಧ ಕೆಜಿ ಉಳಿದಿದೆಯೇ ಎಂದು ಇಣುಕಿ ನೋಡುವವರು ಕಡಿಮೆ. ಹೀಗೆ ಉಳಿದ ಬೇಳೆ, ರವೆ, ಶಾವಿಗೆ, ಅವಲಕ್ಕಿಗಳು ಹಿಂದಕ್ಕೆ ಸರಿದು, ಮಳೆಗಾಲದಲ್ಲಿ ಹುಳ ಹಿಡಿದು, ಕೊನೆಗೆ ಹಿತ್ತಿಲಿಗೆ ಹೋಗುತ್ತವೆ. ಆ ನಷ್ಟ ಯಾವ ಬಿಲ್ಲಿನಲ್ಲೂ ಕಾಣಿಸುವುದಿಲ್ಲವಾದ್ದರಿಂದ ಅದನ್ನು ಯಾರೂ ಖರ್ಚೆಂದು ಎಣಿಸುವುದಿಲ್ಲ.

ಇದಕ್ಕೆ ಪರಿಹಾರ ಸರಳವಾಗಿದೆ. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಬೆಲ್ಲ, ಕಾಫಿಪುಡಿ, ಬಟ್ಟೆ ಒಗೆಯುವ ಪುಡಿ ಇವುಗಳಲ್ಲಿ ಯಾವುದನ್ನು ಡಬ್ಬಿಗೆ ಸುರಿದರೂ ಮುಚ್ಚಳದ ಮೇಲೆ ಒಂದು ಚಿಕ್ಕ ಕಾಗದ ಅಂಟಿಸಿ, ಸುರಿದ ದಿನಾಂಕ ಮತ್ತು ತೂಕವನ್ನು ಬರೆಯಿರಿ. ಮುಗಿದ ದಿನ ಆ ದಿನಾಂಕವನ್ನೂ ಪಕ್ಕದಲ್ಲಿ ಬರೆಯಿರಿ. ಎರಡು ಮೂರು ಸಲ ಹೀಗೆ ಮಾಡಿದರೆ ಸಾಕು, ನಿಮ್ಮ ಮನೆಯ ನಿಜವಾದ ಅಗತ್ಯ ಕಣ್ಣೆದುರು ನಿಲ್ಲುತ್ತದೆ. ಒಂದು ಲೀಟರ್ ಎಣ್ಣೆ ಒಂಬತ್ತು ದಿನಕ್ಕೆ ಮುಗಿಯುವ ಮನೆಗೆ ತಿಂಗಳಿಗೆ ಮೂರೂಕಾಲು ಲೀಟರಿಗಿಂತ ಹೆಚ್ಚು ಬೇಕು. ಐದು ಲೀಟರಿನ ಕ್ಯಾನ್ ಅವರಿಗೆ ಒಂದೂವರೆ ತಿಂಗಳು ಬರುತ್ತದೆ. ಒಂದು ಲೀಟರ್ ಎಣ್ಣೆಯನ್ನು ಇಡೀ ತಿಂಗಳು ಬಳಸುವ ವೃದ್ಧ ದಂಪತಿಗೆ ಅದೇ ಕ್ಯಾನ್ ಐದು ತಿಂಗಳ ಸರಕು, ಮತ್ತು ಮುಚ್ಚಳ ತೆರೆದ ಎಣ್ಣೆ ಅಷ್ಟು ಕಾಲ ರುಚಿ ಕೆಡದೆ ಉಳಿಯುವುದಿಲ್ಲ. ಒಂದೇ ರಿಯಾಯಿತಿ ಒಂದು ಮನೆಗೆ ಉಳಿತಾಯವೂ ಇನ್ನೊಂದು ಮನೆಗೆ ನಷ್ಟವೂ ಆಗುವುದು ಹೀಗೆ.

ಪಡಿತರ ಚೀಟಿ ಇರುವ ಮನೆಗಳು ಈ ಲೆಕ್ಕದಲ್ಲಿ ಪಡಿತರದ ಅಕ್ಕಿಯನ್ನೂ ಸೇರಿಸಬೇಕು. ಆ ಅಕ್ಕಿಯ ಅನ್ನ ಕೆಲವರಿಗೆ ಹಿಡಿಸದೆ ಇರಬಹುದು. ಆದರೆ ದೋಸೆ, ಇಡ್ಲಿ, ರೊಟ್ಟಿಯ ಹಿಟ್ಟು ಇವಕ್ಕೆಲ್ಲ ಅದು ಚೆನ್ನಾಗಿಯೇ ಹೊಂದುತ್ತದೆ, ಮತ್ತು ದಿನವೂ ತಿಂಡಿ ಮಾಡುವ ಮನೆಯಲ್ಲಿ ಇವುಗಳಿಗೇ ತಿಂಗಳಿಗೆ ಹಲವು ಕೆಜಿ ಅಕ್ಕಿ ಬೇಕಾಗುತ್ತದೆ. ತಿಂಡಿಗೆ ಪಡಿತರದ ಅಕ್ಕಿ, ಊಟಕ್ಕೆ ಮಾತ್ರ ಸೋನಾ ಮಸೂರಿ ಎಂದು ವಿಂಗಡಿಸಿಕೊಂಡ ಮನೆಯಲ್ಲಿ ಅಂಗಡಿಯ ಅಕ್ಕಿಯ ಮೂಟೆ ಎಷ್ಟೋ ಹೆಚ್ಚು ದಿನ ಬರುತ್ತದೆ.

ಪೊಟ್ಟಣದ ಬೆಲೆಯಲ್ಲ, ಕೆಜಿಯ ಬೆಲೆ

ಎರಡನೆಯ ಅಂಕಿ ಇನ್ನೂ ಮುಖ್ಯವಾದದ್ದು, ಮತ್ತು ಗ್ರಾಹಕರ ಕಣ್ಣು ತಪ್ಪಿಸುವ ಆಟವೆಲ್ಲ ನಡೆಯುವುದು ಇಲ್ಲಿಯೇ. ಹಿಂದೆ ಎಣ್ಣೆ, ಬಿಸ್ಕತ್ತು, ಚಹಾಪುಡಿ, ಸಾಬೂನು ಮುಂತಾದ ಹಲವು ಪದಾರ್ಥಗಳನ್ನು ಕಾನೂನು ನಿಗದಿಪಡಿಸಿದ ತೂಕಗಳಲ್ಲಿ ಮಾತ್ರ ಪೊಟ್ಟಣ ಕಟ್ಟಬೇಕಿತ್ತು. 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳಿಗೆ ನಂತರ ತಂದ ತಿದ್ದುಪಡಿಯಿಂದ ಆ ನಿರ್ಬಂಧ ಹೋಯಿತು. ಅದಕ್ಕೆ ಬದಲಾಗಿ, ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಏಕಮಾನ ಬೆಲೆಯನ್ನೂ ಪೊಟ್ಟಣದ ಮೇಲೆ ಮುದ್ರಿಸುವುದು ಕಡ್ಡಾಯವಾಯಿತು. ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಂಗೆ ಎಷ್ಟು, ಹೆಚ್ಚು ಇದ್ದರೆ ಕೆಜಿಗೆ ಎಷ್ಟು ಎಂದು ಅಲ್ಲಿ ನಮೂದಿಸಿರುತ್ತಾರೆ. ದ್ರವ ಪದಾರ್ಥವಾದರೆ ಮಿಲಿಲೀಟರಿಗೆ ಅಥವಾ ಲೀಟರಿಗೆ. ಎಂಆರ್‌ಪಿಯ ಹತ್ತಿರ ಚಿಕ್ಕ ಅಕ್ಷರಗಳಲ್ಲಿ ಇರುವ ಈ ಅಂಕಿಯನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಈ ಬರಹದಲ್ಲಿ ಹೇಳಿರುವ ಎಲ್ಲದರಲ್ಲಿ ಒಂದನ್ನು ಮಾತ್ರ ಪಾಲಿಸುವುದಾದರೆ ಇದನ್ನೇ ಪಾಲಿಸಿ ಎಂದು ಹೇಳುತ್ತೇನೆ.

ಅಡುಗೆ ಎಣ್ಣೆಯನ್ನೇ ತೆಗೆದುಕೊಳ್ಳಿ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಆದರೆ ಅಂಗಡಿಯ ಕಪಾಟಿನಲ್ಲಿ 910 ಗ್ರಾಂನ ಪಕ್ಕದಲ್ಲಿಯೇ 850 ಗ್ರಾಂ, 800 ಗ್ರಾಂ, 750 ಗ್ರಾಂನ ಪೊಟ್ಟಣಗಳೂ ಕುಳಿತಿರುತ್ತವೆ, ಮತ್ತು ನೋಟಕ್ಕೆ ಎಲ್ಲವೂ ಒಂದೇ ಗಾತ್ರ. 910 ಗ್ರಾಂಗೆ 165 ರೂಪಾಯಿ, 850 ಗ್ರಾಂಗೆ 158 ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡನೆಯದು ಏಳು ರೂಪಾಯಿ ಅಗ್ಗವೆಂದು ಕೈ ತಾನಾಗಿ ಅತ್ತ ಹೋಗುತ್ತದೆ. ಲೆಕ್ಕ ಹಾಕಿದರೆ ಮೊದಲನೆಯದು ಕೆಜಿಗೆ ಸುಮಾರು 181 ರೂಪಾಯಿ, ಎರಡನೆಯದು ಸುಮಾರು 186 ರೂಪಾಯಿ. ಅಗ್ಗವೆಂದು ತಂದದ್ದೇ ದುಬಾರಿಯಾಯಿತು.

ಹಾಲಿನ ದರ ಇದಕ್ಕಿಂತ ಒಳ್ಳೆಯ ಪಾಠ. 2024ರ ಜೂನ್ ಕೊನೆಯಲ್ಲಿ ನಂದಿನಿ ಹಾಲಿನ ಪೊಟ್ಟಣಗಳಿಗೆ 50 ಮಿಲಿಲೀಟರ್ ಹೆಚ್ಚುವರಿ ಹಾಲನ್ನು ಸೇರಿಸಿ, ಪ್ರತಿ ಪೊಟ್ಟಣಕ್ಕೆ ಎರಡು ರೂಪಾಯಿ ಏರಿಸಲಾಯಿತು. ಅರ್ಧ ಲೀಟರಿನ ನೀಲಿ ಪೊಟ್ಟಣ 550 ಮಿಲಿಲೀಟರ್ ಆಗಿ 24 ರೂಪಾಯಿಗೆ ಬಂತು. 2025ರ ಏಪ್ರಿಲ್ 1ರಂದು ಲೀಟರಿಗೆ ನಾಲ್ಕು ರೂಪಾಯಿ ಏರಿಸಿ ಆ ಹೆಚ್ಚುವರಿ ಹಾಲನ್ನು ಹಿಂತೆಗೆದುಕೊಂಡರು. ಅರ್ಧ ಲೀಟರಿನ ಪೊಟ್ಟಣದ ಬೆಲೆ 24 ರೂಪಾಯಿಯೇ ಉಳಿಯಿತು, ಹಾಲು ಮಾತ್ರ 500 ಮಿಲಿಲೀಟರ್ ಆಯಿತು. ಪೊಟ್ಟಣದ ಬೆಲೆಯನ್ನಷ್ಟೇ ನೋಡುವವರಿಗೆ ಏನೂ ಬದಲಾಗಿಲ್ಲ ಎನಿಸುತ್ತದೆ. ಲೀಟರಿನ ಲೆಕ್ಕದಲ್ಲಿ ನೋಡಿದರೆ ಸುಮಾರು 43 ರೂಪಾಯಿ 60 ಪೈಸೆಯಿಂದ 48 ರೂಪಾಯಿಗೆ ಏರಿದೆ. ಏರಿಕೆಯನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿಯೇ ಮಾಡಿದ್ದರು. ಆದರೂ ದಿನವೂ ಬಾಗಿಲಲ್ಲಿ ಪೊಟ್ಟಣ ಎತ್ತಿಕೊಳ್ಳುವವರ ಗಮನಕ್ಕೆ ಇಂಥದ್ದು ಬರುವುದು ಕಷ್ಟ. ಅದೇ ದರಪಟ್ಟಿಯಲ್ಲಿ ಒಂದು ಲೀಟರಿನ ಪೊಟ್ಟಣಕ್ಕೆ 46 ರೂಪಾಯಿ. ದಿನಕ್ಕೆ ಒಂದು ಲೀಟರ್ ಬೇಕಾದ ಮನೆಯವರು ಅಭ್ಯಾಸಬಲದಿಂದ ಎರಡು ಅರ್ಧ ಲೀಟರ್ ಕೊಂಡರೆ ದಿನಕ್ಕೆ ಎರಡು ರೂಪಾಯಿ, ತಿಂಗಳಿಗೆ 60 ರೂಪಾಯಿ ಹೆಚ್ಚು ಕೊಟ್ಟಂತಾಗುತ್ತದೆ. ದರಗಳು ಮುಂದೆಯೂ ಬದಲಾಗುತ್ತವೆ, ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

ದೊಡ್ಡ ಪೊಟ್ಟಣವೇ ಯಾವಾಗಲೂ ಅಗ್ಗವೆಂದು ತಿಳಿಯುವುದೂ ಸರಿಯಲ್ಲ. ಶಾಂಪೂವಿನ ವಿಷಯದಲ್ಲಿ ಎಷ್ಟೋ ಸಲ ಒಂದೆರಡು ರೂಪಾಯಿಯ ಚಿಕ್ಕ ಸ್ಯಾಷೆಗಳೇ ಬಾಟಲಿಗಿಂತ ಅಗ್ಗವಾಗಿ ಬೀಳುತ್ತವೆ, ಮತ್ತು ಮಕ್ಕಳು ತಲೆಗೆ ಬೇಕಾದಷ್ಟು ಸುರಿದುಕೊಳ್ಳುವುದೂ ತಪ್ಪುತ್ತದೆ. ಪ್ಲಾಸ್ಟಿಕ್ ಕಸ ಹೆಚ್ಚಾಗುವುದು ಇದರ ಕೆಟ್ಟ ಮುಖ. ಅದನ್ನು ತೂಗಿ ನೋಡುವುದು ಅವರವರಿಗೆ ಬಿಟ್ಟದ್ದು.

ತೆರಿಗೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. 2022ರ ಜುಲೈ 18ರಿಂದ, ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟು, ಕಾಳುಗಳಿಗೆ ಅವು 25 ಕೆಜಿಯವರೆಗಿನ ಪೊಟ್ಟಣವಾಗಿದ್ದರೆ ಶೇಕಡಾ 5 ಜಿಎಸ್‌ಟಿ ಇದೆ. ಬಿಡಿಯಾಗಿ ತೂಗಿ ಕೊಡುವ ಅದೇ ಅಕ್ಕಿ-ಬೇಳೆಗೆ ತೆರಿಗೆ ಇಲ್ಲ. ಅಕ್ಕಿ ಅಂಗಡಿಗಳಲ್ಲಿ 26 ಕೆಜಿಯ ಮೂಟೆಗಳು ಕಾಣಿಸಿಕೊಂಡದ್ದು ಈ ಕಾರಣದಿಂದಲೇ. ಆದ್ದರಿಂದ ಅಕ್ಕಿಯನ್ನು 26 ಕೆಜಿಯ ಮೂಟೆಯಲ್ಲಿ, ಬೇಳೆ-ಕಾಳುಗಳನ್ನು ನಂಬಿಕೆಯ ಅಂಗಡಿಯಲ್ಲಿ ಬಿಡಿಯಾಗಿ ಕೊಳ್ಳುವುದು ಹೆಚ್ಚಿನ ಸಂಸಾರಗಳಿಗೆ ಲಾಭಕರ. ಬಿಡಿ ಬೇಳೆಯನ್ನು ಅಂಗೈಯಲ್ಲಿ ಹಾಕಿಕೊಂಡು ನುಚ್ಚು, ಕಲ್ಲು, ಹುಳ ಇವೆಯೇ ಎಂದು ನೋಡಬಹುದೆಂಬುದು ಅದರ ಇನ್ನೊಂದು ಅನುಕೂಲ. ಮುಚ್ಚಿದ ಪೊಟ್ಟಣ ಅದಕ್ಕೆ ಅವಕಾಶ ಕೊಡುವುದಿಲ್ಲ. ಅರಿಸಿನ ಪುಡಿ, ಖಾರದ ಪುಡಿಗಳನ್ನು ಮಾತ್ರ ಬಿಡಿಯಾಗಿ ಕೊಳ್ಳಬಾರದು, ಏಕೆಂದರೆ ಪುಡಿಯಲ್ಲಿ ಮಾಡಿದ ಕಲಬೆರಕೆಯನ್ನು ಕಣ್ಣಿನಿಂದ ಕಂಡುಹಿಡಿಯುವುದು ಸಾಧ್ಯವಿಲ್ಲ. ಅವುಗಳನ್ನು ಇಡಿಯಾಗಿ ತಂದು ಗಿರಣಿಯಲ್ಲಿ ಬೀಸಿಸುವುದು ಸುರಕ್ಷಿತವೂ ಹೌದು, ಅಗ್ಗವೂ ಹೌದು.

ಸುಗ್ಗಿಯ ಕಾಲಕ್ಕೆ ವರ್ಷದ ಖರೀದಿ

ಅಜ್ಜಿಯರ ಕಾಲದಲ್ಲಿ ವರ್ಷಕ್ಕಾಗುವಷ್ಟು ಹುಣಸೆಹಣ್ಣು, ಮೆಣಸಿನಕಾಯಿ, ಬೇಳೆಗಳನ್ನು ಬೇಸಿಗೆಯಲ್ಲಿಯೇ ತುಂಬಿಸಿಡುತ್ತಿದ್ದರು. ಆ ಕ್ರಮದ ಹಿಂದೆ ಬೆಲೆಯ ತಿಳಿವಳಿಕೆಯೂ ಇತ್ತು, ಬಿಸಿಲಿನ ತಿಳಿವಳಿಕೆಯೂ ಇತ್ತು. ಚಿಕ್ಕ ಮನೆಗಳಲ್ಲಿ ವರ್ಷದ ಸರಕನ್ನೆಲ್ಲ ಇಡಲು ಜಾಗವಿಲ್ಲ. ಆದರೂ ಕೆಲವು ಪದಾರ್ಥಗಳಿಗೆ ಆ ಕ್ರಮ ಇಂದಿಗೂ ಹೊಂದುತ್ತದೆ.

ಕಲಬುರಗಿ ಕಡೆಯ ಹೊಸ ತೊಗರಿ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮಾರುಕಟ್ಟೆಗೆ ಬರುತ್ತದೆ. ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿಯ ಚೀಲಗಳು ರಾಶಿ ರಾಶಿಯಾಗಿ ಬಂದು ಬೀಳುವುದು ಜನವರಿಯಿಂದ ಮಾರ್ಚ್‌ವರೆಗೆ. ಹುಣಸೆಹಣ್ಣು ಬಿಡಿಸಿ ತುಮಕೂರಿನಂಥ ಪೇಟೆಗಳಿಗೆ ತರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ರಾಗಿಯ ಸುಗ್ಗಿ ವರ್ಷದ ಕೊನೆಗೆ ಮುಗಿಯುತ್ತದೆ. ಬೆಳೆ ಕೆಟ್ಟ ವರ್ಷಗಳನ್ನು ಬಿಟ್ಟರೆ, ಸರಕು ಹೆಚ್ಚಾಗಿ ಬರುವ ಈ ತಿಂಗಳುಗಳಲ್ಲಿ ಬೆಲೆ ಮೃದುವಾಗಿರುತ್ತದೆ, ಮತ್ತು ಆಯ್ದುಕೊಳ್ಳಲು ಒಳ್ಳೆಯ ಸರಕೂ ಸಿಗುತ್ತದೆ. ಅಕ್ಕಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಂಗಾವತಿ, ಸಿಂಧನೂರು ಕಡೆಯ ಹೊಸ ಸೋನಾ ಮಸೂರಿ ಹಳೆಯ ಅಕ್ಕಿಗಿಂತ ಅಗ್ಗ. ಆದರೆ ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆಯದರಷ್ಟು ಅರಳುವುದೂ ಇಲ್ಲ. ಒಣಗಿದ ಜಾಗವುಳ್ಳ ಮನೆಯವರು ಹೊಸ ಅಕ್ಕಿಯನ್ನು ಕೊಂಡು ಆರು ತಿಂಗಳು ಹಳತು ಮಾಡಿಕೊಂಡರೆ, ಅಂಗಡಿಯವರು ಹಳೆಯ ಅಕ್ಕಿಗೆ ಸೇರಿಸುವ ಹೆಚ್ಚಿನ ಬೆಲೆಯನ್ನು ಉಳಿಸಿಕೊಳ್ಳಬಹುದು.

ಕಾಪಿಡಲು ಬಾರದಿದ್ದರೆ ಈ ಖರೀದಿಗೆ ಅರ್ಥವಿಲ್ಲ. ತೊಗರಿಬೇಳೆಯನ್ನು ಒಂದೆರಡು ದಿನ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಕೆಜಿಗೆ ಒಂದು ಚಮಚದಷ್ಟು ಹರಳೆಣ್ಣೆ ಸವರಿ ಡಬ್ಬಿಗೆ ತುಂಬಿದರೆ ಹುಳ ಬೇಗ ಹತ್ತುವುದಿಲ್ಲ. ಬಿಸಿಯಿರುವಾಗಲೇ ಮುಚ್ಚಿಟ್ಟರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ ಎಂಬುದನ್ನು ಮರೆಯಬಾರದು. ಅಕ್ಕಿಗೆ ಒಣಗಿದ ಬೇವಿನ ಎಲೆ ಅಥವಾ ಒಣಮೆಣಸಿನಕಾಯಿ ಹಾಕುವ ರೂಢಿ ಎಲ್ಲರಿಗೂ ಗೊತ್ತಿದೆ. ಹುಣಸೆಹಣ್ಣಿನ ಬೀಜ, ನಾರು ತೆಗೆದು ಕಲ್ಲುಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ವರ್ಷ ಪೂರ್ತಿ ಬರುತ್ತದೆ. ಲೋಹದ ಡಬ್ಬಿ ಅದಕ್ಕೆ ಸಲ್ಲದು. ರಾಗಿಗೆ ಈ ಯಾವ ಉಪಚಾರವೂ ಹೆಚ್ಚಾಗಿ ಬೇಡ, ಹಳ್ಳಿಗಳಲ್ಲಿ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಧಾನ್ಯದ ಗುಂಡಿಯಲ್ಲಿ, ಅದು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಆದರೆ ಬೀಸಿದ ಹಿಟ್ಟು ಬೇಗ ಕಹಿಯಾಗುತ್ತದೆ. ಆದ್ದರಿಂದ ರಾಗಿಯನ್ನು ಕಾಳಾಗಿಯೇ ಹೆಚ್ಚು ಕೊಂಡು, ಎರಡು ಮೂರು ವಾರಕ್ಕೆ ಆಗುವಷ್ಟನ್ನು ಮಾತ್ರ ಗಿರಣಿಗೆ ಕೊಡಿ.

ಮೊದಲ ಸಲ ಹೀಗೆ ಕೊಳ್ಳುವವರು ಒಂದೇ ಪದಾರ್ಥದಿಂದ ಆರಂಭಿಸುವುದು ಒಳ್ಳೆಯದು. ನಾನಾದರೆ ಮೆಣಸಿನಕಾಯಿಯನ್ನು ಆರಿಸುತ್ತೇನೆ: ಒಣಗಿಸುವುದು ಸುಲಭ, ಇಡಲು ಜಾಗ ಕಡಿಮೆ ಸಾಕು, ಮತ್ತು ಮನೆಯಲ್ಲಿ ಮಾಡಿಸಿದ ಸಾರಿನ ಪುಡಿ, ಹುಳಿ ಪುಡಿಗಳಿಗೂ ಅಂಗಡಿಯ ನೂರು ಗ್ರಾಂ ಪೊಟ್ಟಣಗಳಿಗೂ ಕೆಜಿಯ ಬೆಲೆಯಲ್ಲಿರುವ ಅಂತರ ದೊಡ್ಡದು. ಅಕ್ಕಪಕ್ಕದ ಎರಡು ಮೂರು ಮನೆಯವರು ಸೇರಿ ಒಂದು ಚೀಲ ತರಿಸಿ ಹಂಚಿಕೊಂಡರೆ ಸಗಟು ದರವೂ ಸಿಗುತ್ತದೆ, ಮಿಕ್ಕಿ ಕೆಡುವ ಭಯವೂ ಇರುವುದಿಲ್ಲ.

ಯಾವುದನ್ನು ಎಲ್ಲಿ ಕೊಳ್ಳಬೇಕು

ಎಲ್ಲವನ್ನೂ ಒಂದೇ ಕಡೆ ಕೊಳ್ಳುವುದು ಅನುಕೂಲವೇ ಹೊರತು ಅಗ್ಗವಲ್ಲ. ಸೂಪರ್ ಮಾರುಕಟ್ಟೆಗಳಲ್ಲಿ ಸಕ್ಕರೆ, ಎಣ್ಣೆಯಂಥ ಎಲ್ಲರಿಗೂ ಬೆಲೆ ಗೊತ್ತಿರುವ ಕೆಲವು ಪದಾರ್ಥಗಳನ್ನು ಬಹಳ ಕಡಿಮೆ ಬೆಲೆಗೆ ಇಟ್ಟು, ಬೆಲೆ ನೆನಪಿಲ್ಲದ ಬೇರೆ ಪದಾರ್ಥಗಳಲ್ಲಿ ಲಾಭ ಪಡೆಯುವುದು ವ್ಯಾಪಾರದ ಹಳೆಯ ರೀತಿ. ಅಲ್ಲಿ ಹೋಗುವುದಾದರೆ ಆ ಅಗ್ಗದ ಪದಾರ್ಥಗಳನ್ನು ಚೀಟಿಯಲ್ಲಿದ್ದಷ್ಟೇ ಕೊಂಡು ಹೊರಗೆ ಬರಬೇಕು. ಕೈಚೀಲವನ್ನೂ ಮನೆಯಿಂದಲೇ ಒಯ್ಯಿರಿ.

ಬೀದಿಯ ದಿನಸಿ ಅಂಗಡಿಯಿಂದ ಅದರದೇ ಆದ ಅನುಕೂಲವಿದೆ. ಹತ್ತು ರೂಪಾಯಿಯ ಗಸಗಸೆಯನ್ನೂ ಅವರು ಕಟ್ಟಿಕೊಡುತ್ತಾರೆ. ಬೇಳೆ ಬೇಯಲಿಲ್ಲವೆಂದು ಹೇಳಿದರೆ ಮರುಮಾತಿಲ್ಲದೆ ಬದಲಾಯಿಸಿಕೊಡುವವರೂ ಅವರೇ. ಆದರೆ ಉದ್ರಿ ಲೆಕ್ಕದಲ್ಲಿ ತರುವ ಅಭ್ಯಾಸ ಇದ್ದರೆ ಎಚ್ಚರ ಬೇಕು, ಏಕೆಂದರೆ ಕೈಯಿಂದ ಹಣ ಕೊಡದೆ ತಂದ ವಸ್ತುವಿನ ಬೆಲೆಯನ್ನು ನಾವು ಕೇಳುವುದೇ ಇಲ್ಲ. ಪುಸ್ತಕದಲ್ಲಿ ಬರೆಸುವುದಾದರೂ ಪ್ರತಿ ಸಲ ಬೆಲೆ ಕೇಳಿ, ಮನೆಯಲ್ಲಿಯೂ ಒಂದು ಪ್ರತಿ ಬರೆದಿಡಿ.

ತರಕಾರಿಗೆ ಹಾಪ್‌ಕಾಮ್ಸ್ ಮಳಿಗೆಯ ದರವನ್ನು ಮಾನದಂಡವಾಗಿ ಇಟ್ಟುಕೊಳ್ಳುವುದು ಉಪಯುಕ್ತ. ರೈತರ ಸಹಕಾರ ಸಂಘವಾಗಿ 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆ ದಿನದಿನದ ದರಗಳನ್ನು ಪ್ರಕಟಿಸುತ್ತದೆ. ತಳ್ಳುಗಾಡಿಯಲ್ಲಿ ಬೀನ್ಸ್ ದುಬಾರಿಯೋ ಅಲ್ಲವೋ ಎಂಬುದು ಆ ಪಟ್ಟಿ ನೋಡಿದವರಿಗೆ ತಿಳಿಯುತ್ತದೆ, ಚೌಕಾಶಿ ಮಾಡುವಾಗಲೂ ನ್ಯಾಯ ತಪ್ಪುವುದಿಲ್ಲ. ವಾರದ ಸಂತೆಯಲ್ಲಿ ಹೊತ್ತು ಮುಳುಗುವ ವೇಳೆಗೆ ಬೆಲೆ ಇಳಿಯುತ್ತದೆ. ಕುಂಬಳ, ಆಲೂಗಡ್ಡೆ, ಸುವರ್ಣಗಡ್ಡೆಯಂಥ ಬಾಡದ ತರಕಾರಿಗಳಿಗೆ ಆ ಹೊತ್ತು ಒಳ್ಳೆಯದು, ಸೊಪ್ಪಿಗೆ ಬೆಳಗ್ಗೆಯೇ ಒಳ್ಳೆಯದು. ಸೊಪ್ಪಿನ ಕಟ್ಟುಗಳನ್ನು ಹೋಲಿಸುವಾಗ ಬೆಲೆಗಿಂತ ಮೊದಲು ಕಟ್ಟಿನ ದಪ್ಪವನ್ನು ನೋಡಿ. ತರಕಾರಿ ಮಾರುವ ಅಜ್ಜಿಯೊಂದಿಗೆ ಎರಡು ರೂಪಾಯಿಗಾಗಿ ವಾದಿಸಿ ಉಳಿಸುವ ಹಣವನ್ನು ನಾನು ಉಳಿತಾಯವೆಂದು ಎಣಿಸುವುದಿಲ್ಲ. ಈ ಬರಹದ ಉದ್ದೇಶವೂ ಅದಲ್ಲ.

ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪ್‌ಗಳ ಬಳಕೆ ನಗರಗಳಲ್ಲಿ ಬಹಳ ಹೆಚ್ಚಾಗಿದೆ. ಅವುಗಳಲ್ಲಿ ವಸ್ತುವಿನ ಬೆಲೆಯ ಮೇಲೆ ವಿತರಣಾ ಶುಲ್ಕ, ನಿರ್ವಹಣಾ ಶುಲ್ಕ, ಮಳೆ ಬಂದರೆ ಇನ್ನೊಂದು ಶುಲ್ಕ ಸೇರುವುದುಂಟು. ಅದಕ್ಕಿಂತ ದೊಡ್ಡ ನಷ್ಟ ಬೇರೆಯೇ ಇದೆ: ಉಚಿತ ವಿತರಣೆಯ ಮಿತಿ ಮುಟ್ಟಲೆಂದು ಬೇಡದ ಚಿಪ್ಸು, ಐಸ್‌ಕ್ರೀಮುಗಳನ್ನು ಸೇರಿಸುವುದು. ಕರಿಬೇವು ಬೇಕೆಂದು ತೆರೆದ ಆ್ಯಪ್‌ನಲ್ಲಿ 200 ರೂಪಾಯಿ ಖರ್ಚಾದರೆ, ಆ ಕರಿಬೇವಿನ ನಿಜವಾದ ಬೆಲೆ ಎಷ್ಟೆಂದು ಯೋಚಿಸಬೇಕು. ಪಟ್ಟಿಯನ್ನು ಆ್ಯಪ್‌ನಲ್ಲಿ ಸೇರಿಸಿಟ್ಟು, ಮಾರನೆಯ ದಿನವೂ ಬೇಕೆನಿಸಿದ್ದನ್ನು ಮಾತ್ರ ತರಿಸುವ ನಿಯಮವನ್ನು ಮನೆಯವರೆಲ್ಲ ಒಪ್ಪಿಕೊಂಡರೆ ಬಹಳಷ್ಟು ಸಾಮಾನು ತಾನಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತದೆ.

ಬಟ್ಟೆ ಮತ್ತು ಹಬ್ಬದ ಖರ್ಚು

ಆಷಾಢದಲ್ಲಿ ಮದುವೆ-ಮುಂಜಿಗಳು ನಡೆಯುವುದಿಲ್ಲವಾದ್ದರಿಂದ ಬಟ್ಟೆ ಅಂಗಡಿಗಳು ಆ ತಿಂಗಳಲ್ಲಿ ರಿಯಾಯಿತಿ ಕೊಡುತ್ತವೆ. ಮುಂದಿನ ಹಬ್ಬಗಳಿಗೆ, ಕಾರ್ತಿಕದ ನಂತರದ ಮದುವೆಗಳಿಗೆ ಬೇಕಾದ ಸೀರೆ, ಪಂಚೆಗಳನ್ನು ಆಗಲೇ ಕೊಳ್ಳುವುದು ಜಾಣತನ. ಆದರೆ ರಿಯಾಯಿತಿಗೆಂದೇ ತರಿಸಿದ ಕಳಪೆ ಸರಕನ್ನೂ ಜೊತೆಗೆ ರಾಶಿ ಹಾಕಿರುತ್ತಾರೆ. ಮಳಿಗೆಯ ಕಪಾಟಿನಲ್ಲಿ ಮೊದಲೇ ನೋಡಿ ಬೆಲೆ ತಿಳಿದಿದ್ದ ಬಟ್ಟೆಗೆ ಸಿಗುವ ಕಡಿತವೇ ನಿಜವಾದ ಕಡಿತ. ಖಾದಿ ಕೊಳ್ಳುವವರು ಗಾಂಧಿ ಜಯಂತಿಯ ಸುಮಾರಿಗೆ ಖಾದಿ ಭಂಡಾರಗಳಲ್ಲಿ ಕೊಡುವ ರಿಯಾಯಿತಿಗೆ ಕಾಯಬಹುದು. ಬೆಳೆಯುವ ಮಕ್ಕಳ ಸಮವಸ್ತ್ರಕ್ಕೆ ಅಂಚಿನಲ್ಲಿ ಹೆಚ್ಚು ಬಟ್ಟೆ ಮಡಿಸಿ ಹೊಲಿಸಿದರೆ ಎರಡನೆಯ ವರ್ಷಕ್ಕೂ ಬರುತ್ತದೆ.

ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಯುಧಪೂಜೆಗಳ ಹಿಂದಿನ ದಿನ ಹೂವು, ಬಾಳೆಹಣ್ಣುಗಳ ಬೆಲೆ ಎಷ್ಟಕ್ಕೆ ಏರುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ತೆಂಗಿನಕಾಯಿ, ಬೂದುಗುಂಬಳ, ಅಡಿಕೆ, ಅರಿಸಿನದ ಕೊಂಬು ಇವು ವಾರ ಮೊದಲೇ ಕೊಂಡರೂ ಕೆಡುವುದಿಲ್ಲ. ಬಾಳೆಹಣ್ಣನ್ನು ನಾಲ್ಕು ದಿನ ಮೊದಲು ಕಾಯಾಗಿ ತಂದರೆ ಹಬ್ಬದ ಹೊತ್ತಿಗೆ ಹಣ್ಣಾಗುತ್ತದೆ.

ಫ್ರಿಜ್, ಫ್ಯಾನ್, ಟಿವಿ: ಕೊಳ್ಳುವ ಬೆಲೆ ಮತ್ತು ಓಡಿಸುವ ಬೆಲೆ

ವಿದ್ಯುತ್ ಉಪಕರಣಕ್ಕೆ ಎರಡು ಬೆಲೆಗಳಿವೆ. ಅಂಗಡಿಯಲ್ಲಿ ಒಮ್ಮೆ ಕೊಡುವುದು, ಮತ್ತು ಪ್ರತಿ ತಿಂಗಳು ವಿದ್ಯುತ್ ಬಿಲ್ಲಿನಲ್ಲಿ ಕೊಡುತ್ತಲೇ ಇರುವುದು. ನಕ್ಷತ್ರಗಳ ಲೇಬಲ್ ಇರುವುದು ಎರಡನೆಯದನ್ನು ತಿಳಿಸುವುದಕ್ಕಾಗಿ. ಆದರೆ ನಕ್ಷತ್ರಗಳನ್ನಷ್ಟೇ ಎಣಿಸಬೇಡಿ. ನಕ್ಷತ್ರ ಕೊಡುವ ಮಾನದಂಡವನ್ನು ಆಗಾಗ ಬಿಗಿಗೊಳಿಸುತ್ತಾರೆ. ಹಳೆಯ ಲೇಬಲ್ಲಿನ ಐದು ನಕ್ಷತ್ರ ಹೊಸ ಲೇಬಲ್ಲಿನ ಐದಕ್ಕೆ ಸಮವಾಗಿರುವುದಿಲ್ಲ. ಫ್ರಿಜ್, ಎಸಿಗಳ ಲೇಬಲ್ಲಿನ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿಯೂ, ಲೇಬಲ್ಲಿನ ಅವಧಿಯೂ ಇರುತ್ತವೆ. ಎರಡು ಫ್ರಿಜ್‌ಗಳ ಯೂನಿಟ್ ವ್ಯತ್ಯಾಸವನ್ನು ನಿಮ್ಮ ವಿದ್ಯುತ್ ದರದಿಂದ ಗುಣಿಸಿ, ಹತ್ತು ವರ್ಷಕ್ಕೆ ಎಷ್ಟಾಗುತ್ತದೆಂದು ನೋಡಿ. ಆಗ ಯಾವುದು ಅಗ್ಗವೆಂಬುದು ಸ್ಪಷ್ಟವಾಗುತ್ತದೆ.

ಫ್ಯಾನಿನ ವಿಷಯದಲ್ಲಿ ಲೆಕ್ಕ ಇನ್ನೂ ನೇರವಾಗಿದೆ. ಹಳೆಯ ಬಗೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳೆದುಕೊಂಡರೆ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನ್ ಸುಮಾರು 30 ವ್ಯಾಟ್ ಎಳೆದುಕೊಳ್ಳುತ್ತದೆ. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿನಿಂದ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಎಂದರೂ ಸುಮಾರು 96 ರೂಪಾಯಿ. ರಾಯಚೂರು, ಬಳ್ಳಾರಿ ಕಡೆ ವರ್ಷದ ಹೆಚ್ಚಿನ ಭಾಗ ಫ್ಯಾನ್ ತಿರುಗುವ ಮನೆಗಳಲ್ಲಿ ಹೆಚ್ಚುವರಿ ಬೆಲೆ ಬೇಗ ಮರಳಿ ಬರುತ್ತದೆ, ಮಡಿಕೇರಿಯಲ್ಲಿ ಅಷ್ಟು ಬೇಗ ಬರುವುದಿಲ್ಲ. ಗೃಹಜ್ಯೋತಿ ಯೋಜನೆಯ ಮನೆಗಳಿಗೆ ಇದು ಇನ್ನೂ ಮುಖ್ಯ. ಬಳಕೆ 200 ಯೂನಿಟ್ ದಾಟಿದ ತಿಂಗಳು ಉಚಿತದ ಸೌಲಭ್ಯ ಸಿಗದೆ ಪೂರ್ತಿ ಬಿಲ್ ಬರುತ್ತದೆ. ಅಂಚಿನಲ್ಲಿರುವ ಮನೆಯವರಿಗೆ ಎರಡು ಹಳೆಯ ಫ್ಯಾನುಗಳೇ ಆ ಗಡಿ ದಾಟಿಸಬಹುದು.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾಗಿವೆ. ಎಸಿ, 32 ಇಂಚಿಗಿಂತ ದೊಡ್ಡ ಟಿವಿಗಳ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಮೈಗೆ ಹಚ್ಚುವ ಸಾಬೂನು, ಶಾಂಪೂ, ಹಲ್ಲುಜ್ಜುವ ಪೇಸ್ಟ್, ತಲೆಗೂದಲ ಎಣ್ಣೆಗಳ ತೆರಿಗೆ 18ರಿಂದ 5ಕ್ಕೆ, ತುಪ್ಪ, ಬೆಣ್ಣೆಗಳದು 12ರಿಂದ 5ಕ್ಕೆ ಇಳಿದಿದೆ. ಫ್ರಿಜ್ ಮತ್ತು ವಾಷಿಂಗ್ ಮಷಿನ್‌ಗಳ ತೆರಿಗೆ ಮೊದಲೂ 18 ಇತ್ತು, ಈಗಲೂ 18. ‘ಜಿಎಸ್‌ಟಿ ಇಳಿಕೆಯ ಲಾಭ’ ಎಂಬ ಫಲಕ ಫ್ರಿಜ್‌ನ ಮೇಲೆ ಕಂಡರೆ, ಅದು ತೆರಿಗೆಯಿಂದ ಬಂದ ಇಳಿಕೆಯಲ್ಲವೆಂದು ತಿಳಿದು ಇತರ ಅಂಗಡಿಗಳ ಬೆಲೆಯೊಂದಿಗೆ ಹೋಲಿಸಿ.

ಕಂತಿನಲ್ಲಿ ಕೊಳ್ಳುವವರಿಗೆ ಒಂದು ಮಾತು. ಬಡ್ಡಿಯಿಲ್ಲದ ಕಂತು ಎಂದು ಹೇಳುವುದರಲ್ಲಿಯೂ ಬ್ಯಾಂಕು ಬಡ್ಡಿ ಹಾಕಿಯೇ ಇರುತ್ತದೆ. ಅಷ್ಟೇ ಮೊತ್ತವನ್ನು ಮಾರಾಟಗಾರರು ಬೆಲೆಯಲ್ಲಿ ಕಡಿತವಾಗಿ ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ ಶೇಕಡಾ 18 ಜಿಎಸ್‌ಟಿ ಮತ್ತು ಪ್ರಕ್ರಿಯೆ ಶುಲ್ಕ ಸಾಮಾನ್ಯವಾಗಿ ನಿಮ್ಮ ಮೇಲೆಯೇ ಬೀಳುತ್ತದೆ. ಪೂರ್ತಿ ಹಣ ಒಮ್ಮೆಗೇ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಎಂದು ಮೊದಲು ಕೇಳಿ, ನಂತರ ಕಂತಿನ ಒಟ್ಟು ಮೊತ್ತವನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಔಷಧಿ, ಅಡುಗೆ ಅನಿಲ ಮತ್ತು ದೂರು

ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಪ್ರತಿದಿನ ಮಾತ್ರೆ ನುಂಗುವ ಹಿರಿಯರು ಇರುವ ಮನೆಯಲ್ಲಿ ಔಷಧಿಯ ಬಿಲ್ಲು ದಿನಸಿಯ ಬಿಲ್ಲಿಗೆ ಸಮನಾಗುವುದುಂಟು. ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧಾಂಶದ ಜನರಿಕ್ ಮಾತ್ರೆಗಳು ಪ್ರಸಿದ್ಧ ಕಂಪನಿಗಳ ಮಾತ್ರೆಗಳಿಗಿಂತ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ವೈದ್ಯರಿಗೆ ಈ ಉದ್ದೇಶವನ್ನು ತಿಳಿಸಿ, ಔಷಧಾಂಶದ ಹೆಸರು ಮತ್ತು ಮಿಲಿಗ್ರಾಂ ಪ್ರಮಾಣವನ್ನು ಬರೆಸಿಕೊಂಡು ಹೋಗಿ. ಅವರನ್ನು ಕೇಳದೆ ಮಾತ್ರೆ ಬದಲಾಯಿಸುವುದು ಮಾತ್ರ ಬೇಡ.

ಗೃಹಬಳಕೆಯ ಗ್ಯಾಸ್ ಸಿಲಿಂಡರಿನಲ್ಲಿ 14.2 ಕೆಜಿ ಅನಿಲ ಇರಬೇಕು. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೆಯೇ ಬರೆದಿರುತ್ತಾರೆ. ಅಲ್ಲಿ 15.3 ಎಂದಿದ್ದರೆ ತುಂಬಿದ ಸಿಲಿಂಡರ್ 29.5 ಕೆಜಿ ತೂಗಬೇಕು. ತಂದುಕೊಡುವವರನ್ನು ತೂಗಿ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಸೀಲನ್ನೂ ಅವರ ಎದುರಿಗೇ ನೋಡಿಕೊಳ್ಳಿ.

ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ತಂಪು ಮಾಡಿದ್ದಕ್ಕೆಂದು ಪಾನೀಯದ ಮೇಲೆ ಎರಡು ರೂಪಾಯಿ, ಬಸ್ ನಿಲ್ದಾಣವೆಂದು ನೀರಿನ ಬಾಟಲಿಯ ಮೇಲೆ ಐದು ರೂಪಾಯಿ ಹೆಚ್ಚು ಕೇಳುವ ಅಂಗಡಿಯವರು ಕಾನೂನು ಮೀರುತ್ತಿದ್ದಾರೆ. ತೂಕದಲ್ಲಿ ಮೋಸವಾದರೆ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಬೆಲೆ, ಗುಣಮಟ್ಟ, ಆನ್‌ಲೈನ್ ಖರೀದಿಯ ತಕರಾರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಎರಡಕ್ಕೂ ಬಿಲ್ಲು ಬೇಕು. ಆದ್ದರಿಂದ ಬಿಲ್ಲುಗಳನ್ನು ಒಂದು ಲಕೋಟೆಯಲ್ಲಿ ಹಾಕಿ ಕನಿಷ್ಠ ಮುಂದಿನ ತಿಂಗಳ ಖರೀದಿಯವರೆಗೆ ಇಡಿ, ಉಪಕರಣಗಳ ಬಿಲ್ಲನ್ನು ವಾರಂಟಿ ಮುಗಿಯುವವರೆಗೆ ಇಡಿ. ಅಂಗಡಿಗಳು ಈಗ ಕೊಡುವ ಬಿಲ್ಲಿನ ಮೇಲಿನ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ, ಕೊಂಡ ದಿನವೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ.